ನಿಂತವರಿಗೆ ಅರ್ಧ

“ಕೈ ಬಿಡಬ್ಯಾಡ,” ಎಂದು ಕಸ್ತೂರಿ ಮಗಳ ಮುಂಗೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮುಂದಿನ ಕಂಬ ಹತ್ತಿರ ಬರುತ್ತಿತ್ತು.

ಕಂಬ ಬರುವುದಿಲ್ಲ, ತಾವೇ ಅದರತ್ತ ಹೋಗುತ್ತಿದ್ದೇವೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೆದ್ದಾರಿಯಂಚಿನ ಬಿಳಿ ಗೆರೆಯ ಮೇಲೆ ಕಣ್ಣು ನೆಟ್ಟು ನಡೆಯುವಾಗ ಅದೇ ಒಂದೊಂದು ಹೆಜ್ಜೆ ಇಟ್ಟು ಎದುರು ಬರುತ್ತಿರುವಂತೆ ಕಾಣುತ್ತಿತ್ತು. ಬೂದು ಬಣ್ಣದ ತೆಳ್ಳನೆಯ ಕಂಬ. ತುದಿಯಲ್ಲಿ ದೀಪವಿಲ್ಲ, ತಂತಿಯಿಲ್ಲ, ಹಕ್ಕಿಯೂ ಇಲ್ಲ. ಲಾರಿಗಳು ಎದುರಿನಿಂದ ಬಂದು ಪಕ್ಕದಲ್ಲೇ ಹಾಯುತ್ತಿದ್ದವು. ಅವುಗಳ ಗಾಳಿಗೆ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಲಾರಿಗಳಿಗೆ ಅವಳು ಅಂಜಲಿಲ್ಲ.

ಕಂಬ ಬಂತು. ಎದೆಗೂಡಿನೊಳಗೆ ಯಾರೋ ಕೈ ಹಾಕಿ ಹಿಂಡಿದಂತಾಯಿತು. ಮೊದಲು ಬರುವುದು ಬರೀ ಅಂಜಿಕೆ. ಆಮೇಲೆ ಮನಸ್ಸು ಅಲ್ಲಿ ಇಲ್ಲಿ ಓಡಾಡಿ ಅದಕ್ಕೊಂದು ಕಾರಣ ಹುಡುಕಿ ತರುತ್ತದೆ. ಹಿಂದಿನ ಕಂಬದಲ್ಲಿ, ಗ್ಯಾಸ್ ಆರಿಸದೆ ಬಂದಿದ್ದೇನೆ, ಮನೆ ಹೊತ್ತಿ ಉರಿಯುತ್ತಿದೆ ಅನಿಸಿತ್ತು. ಈ ಕಂಬದಲ್ಲಿ, ತಾನು ಹಿಡಿದಿರುವುದು ಮಗಳ ಕೈಯಲ್ಲ ಅನಿಸಿತು. ತಿರುಗಿದರೆ ಅಲ್ಲಿ ಬೇರೆ ಯಾರೋ ಇರುತ್ತಾರೆ. ಅವಳು ತಿರುಗಿ ನೋಡಲಿಲ್ಲ.

ಅವರ ಹಿಂದೆ ದಾವಲಸಾಬ ಬರುತ್ತಿದ್ದ, ಬೆನ್ನು ಮುಂದು ಮಾಡಿ, ಮುಖಕ್ಕೆ ಟವೆಲ್ ಸುತ್ತಿಕೊಂಡು. ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಅವನು, ಅಂಜಿಕೆ ಕಣ್ಣಿನಿಂದ ಒಳಗೆ ಬರುತ್ತದೆ ಎಂದು ನಂಬಿದ್ದ. ಹಿಂಬರಿಕೆಯಾಗಿ ನಡೆದರೆ ಕಡಿಮೆಯಾಗುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಡುತ್ತಿದ್ದ. ಕಡಿಮೆಯಾಗುತ್ತಿರಲಿಲ್ಲ. ಅವನ ಹಲ್ಲು ಕಟಕಟಿಸುವುದು ಕಸ್ತೂರಿಗೆ ಕೇಳುತ್ತಿತ್ತು.

ಮನೆ ಕಾಣುವಷ್ಟು ಹತ್ತಿರ ಬಂದಾಗ ಮಗಳು ಐಶ್ವರ್ಯಾ ದಾರಿಯಂಚಿನಲ್ಲಿ ಕುಸಿದು ಕೂತಳು. ಮದುವೆಯ ವಯಸ್ಸಿಗೆ ಬಂದ ಹುಡುಗಿ, ಕೂಸಿನಂತೆ ಮೊಣಕಾಲ ನಡುವೆ ಮುಖ ಹುದುಗಿಸಿದಳು.

“ಬೇ, ಲೈಟ್ ಬರಾಕತ್ತೈತಿ. ನಮ್ಮ ಮ್ಯಾಲೇ ಬರಾಕತ್ತೈತಿ.”

ಮಟಮಟ ಮಧ್ಯಾಹ್ನ. ಆ ಬಿಸಿಲಲ್ಲಿ ಯಾವ ಗಾಡಿಯೂ ದೀಪ ಹಚ್ಚಿರಲಿಲ್ಲ. ಕಸ್ತೂರಿ ಒಂದು ತೋಳು, ದಾವಲಸಾಬ ಇನ್ನೊಂದು ತೋಳು ಹಿಡಿದು, ಚೀಲ ಎಳೆದಂತೆ ಅವಳನ್ನು ಎಳೆದುಕೊಂಡು ಹೋದರು.

ಮನೆ ಹೊಕ್ಕು ಗೋಡೆಗೊರಗಿ ನಿಂತ ಮೇಲೆ ಎದೆಯ ಹಿಡಿತ ಅರ್ಧಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ನಿಂತಲ್ಲಿ ನಾಲ್ಕು ತಿಂಗಳಿಂದ ಇಳಿದಿರಲಿಲ್ಲ.

*

ಹಿರೇಗುಂಡಿ ಕ್ರಾಸಿನಲ್ಲಿ ‘ರಾಂಗ್’ ಎಂದರೆ ಒಂದು ದಾರಿಯ ಹೆಸರು. ಹೆದ್ದಾರಿ ಅಗಲವಾದಾಗ ನಡುವಿನ ಕಿಂಡಿಯನ್ನು ಮುಚ್ಚಿ ಕಣಗಿಲೆ ನೆಟ್ಟರು. ಆಚೆ ಬದಿಯ ಬಂಕಿಗೆ, ಢಾಬಾಕ್ಕೆ, ಹೊಲಗಳಿಗೆ ಹೋಗುವವರು ಹುಬ್ಬಳ್ಳಿ ದಿಕ್ಕಿನ ದೂರದ ಸೇತುವೆಯವರೆಗೆ ಹೋಗಿ ತಿರುಗಿ ಬರಬೇಕಾಯಿತು. ಯಾರೂ ಹೋಗಲಿಲ್ಲ. ಹಿಂದಕ್ಕೆ ಸ್ವಲ್ಪ ದೂರದಲ್ಲಿ, ಢಾಬಾದ ಎದುರಿಗೆ, ಒಂದು ಕಿಂಡಿ ಮುಚ್ಚದೆ ಉಳಿದಿತ್ತು. ಬರುವ ಗಾಡಿಗಳಿಗೆ ಎದುರಾಗಿ ಅಷ್ಟು ದೂರ ಹೋದರೆ ಆಯಿತು. ಬೀಗರಿಗೆ ದಾರಿ ಹೇಳುವಾಗಲೂ “ರಾಂಗಿನ್ಯಾಗ ಬರ್ರಿ, ಸಮೀಪ ಆಗತೈತಿ” ಎಂದೇ ಹೇಳುತ್ತಿದ್ದರು. ಅದಕ್ಕೊಂದು ರೀತಿ ರಿವಾಜು ಕೂಡ ಇತ್ತು. ಹಗಲಲ್ಲೂ ದೀಪ ಹಚ್ಚಬೇಕು, ಅಂಚು ಬಿಡಬಾರದು, ಹಿಂದೆ ಕೂತವರು ಕೈ ಎತ್ತಿ ಹಿಡಿದಿರಬೇಕು. ಇಷ್ಟು ಪಾಲಿಸಿದರೆ ಏನೂ ಆಗುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು.

ಕಸ್ತೂರಿಯ ಗಂಡ ಮಲ್ಲೇಶಪ್ಪನೂ ದೀಪ ಹಚ್ಚಿದ್ದ. ಕ್ರಾಸಿನ ಬ್ರಾಂಡಿ ಅಂಗಡಿಯಲ್ಲಿ ಕುಡಿದು, ಢಾಬಾದ ಪರೋಟಾ ಕೊಡಿಸುತ್ತೇನೆಂದು, ಆಗ ಇನ್ನೂ ಚಿಕ್ಕವಳಾಗಿದ್ದ ಮಗಳನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಸಂಜೆ ಹೊರಟಿದ್ದ. ಅಂಚಿನಲ್ಲಿದ್ದೇನೆ ಎಂದುಕೊಂಡೇ ನಡುವಿಗೆ ಬಂದಿದ್ದ. ಎದುರು ಬಂದದ್ದು ಡ್ಯೂಟಿ ಮುಗಿಸಿ ಸ್ಕೂಟಿಯಲ್ಲಿ ಮನೆಗೆ ಹೊರಟಿದ್ದ ನರ್ಸಮ್ಮ. ಇಬ್ಬರೂ ಉಳಿಯಲಿಲ್ಲ. ಐಶ್ವರ್ಯಾ ಕಣಗಿಲೆಯ ಪೊದೆಯಲ್ಲಿ ಸಿಕ್ಕಿದ್ದಳು, ಮೈಮೇಲೆ ತರಚು ಗಾಯ ಕೂಡ ಇರಲಿಲ್ಲ.

ಆ ನರ್ಸಮ್ಮನನ್ನು ತನ್ನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದವನು ದಾವಲಸಾಬ. ಅವನೂ ಕಸ್ತೂರಿಯೂ ಸೇರಿ ರಾಂಗಿನ ಓಡಾಟ ನಿಲ್ಲಿಸಲು ಒಂದು ಸಮಿತಿ ಕಟ್ಟಿದರು. ಮೊದಮೊದಲು ಜನ ನಕ್ಕರು. ಗಂಡ ಇದ್ದಾಗ ಈ ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ಅವಳ ಗಿರಮಿಟ್ ಅಂಗಡಿಯಲ್ಲೇ ಕೂತು, ಅವಳ ಮಿರ್ಚಿಯನ್ನೇ ತಿನ್ನುತ್ತ ಕೇಳಿದರು. ಪ್ರತಿ ಅಪಘಾತದ ಜಾಗದಲ್ಲೂ ಒಂಟಿ ಚಪ್ಪಲಿ ಉಳಿಯುತ್ತದೆ. ಅವಳು ಅದನ್ನು ಆರಿಸಿ ತಂದು ಕ್ರಾಸಿನ ಬೇವಿನ ಮರಕ್ಕೆ ತಂತಿ ಕಟ್ಟಿ ನೇತುಹಾಕುತ್ತಿದ್ದಳು. ಗಂಡನದೇ ಮೊದಲನೆಯದು. ಸ್ವಲ್ಪ ದಿನ ಜನ ಅದರಡಿ ಹಾಯಲು ಹಿಂಜರಿದರು. ಆಮೇಲೆ ರೂಢಿಯಾಯಿತು, ಯಾರೋ ಒಬ್ಬ ಅದರಲ್ಲೇ ತನ್ನ ಕಾಲಿಗಾಗುವ ಎಡದ್ದೊಂದು ಬಲದ್ದೊಂದು ಹುಡುಕಿ ಹಾಕಿಕೊಂಡು ಹೋದ.

ಬ್ರಾಂಡಿ ಅಂಗಡಿಯ ಮುಂದೆ ಹೆಂಗಸರನ್ನು ಕೂರಿಸಿ ಅದನ್ನು ಮುಚ್ಚಿಸಿದಳು. ಕ್ರಾಸಿನಲ್ಲಿ ಹೆದ್ದಾರಿಯ ಅಡಿಯಿಂದ ಒಂದು ದಾರಿ ಬೇಕು, ರಾಂಗಿನಲ್ಲಿ ಹೋಗುವ ದರ್ದೇ ಇರಬಾರದು ಎಂದು ಕಚೇರಿಗಳಿಗೆ ಅಲೆದಳು. ಕೆಳದಾರಿ ಈ ಯೋಜನೆಯಲ್ಲಿ ಇಲ್ಲ ಎಂದರು. ಮುಂದಿನದರಲ್ಲಿ ನೋಡೋಣ ಎಂದರು. ಕೊನೆಗೆ, ಅದಕ್ಕಿಂತ ಒಳ್ಳೆಯದು ಕೊಡುತ್ತೇವೆ, ನಿಮ್ಮ ಕ್ರಾಸಿನಲ್ಲೇ ಮೊದಲ ಪ್ರಯೋಗ ಎಂದು ಕಂಬಗಳನ್ನು ತಂದರು.

ಮೊದಲ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದವಳು ಕಸ್ತೂರಿಯೇ.

ಕಂಬದೊಳಗಿನ ಯಂತ್ರ ಕಿವಿಗೆ ಕೇಳದಷ್ಟು ಕೆಳಗಿನ ಮಿಡಿತವೊಂದನ್ನು ಬಿಡುತ್ತಿತ್ತು. ಭೂಮಿ ನಡುಗುವ ಮೊದಲು ನಾಯಿಗಳು ಊಳಿಡುತ್ತವಲ್ಲ, ಅಂಥದ್ದು. ಕುಡಿದವನ ಕಣ್ಣು ಬೋರ್ಡು ಓದುವುದಿಲ್ಲ, ಕಿವಿ ಹಾರ್ನು ಕೇಳುವುದಿಲ್ಲ. ಆದರೆ ಎಷ್ಟೇ ಕುಡಿದರೂ ಎದೆಯೊಳಗಿನ ಅಂಜಿಕೆಯ ತಂತಿ ಎಚ್ಚರವಿರುತ್ತದೆ, ಅದನ್ನೇ ಮೀಟಿದರೆ ಸಾಕು ಎಂಬುದು ಅದನ್ನು ಮಾಡಿದವರ ಲೆಕ್ಕ. ಗಾಡಿಗಳ ಜೊತೆ ಸಾಗುವವನಿಗೆ ಕಂಬ ಸುಮ್ಮನಿರುತ್ತದೆ. ಎದುರು ಬರುವವನ ಎದೆಯನ್ನು ಹಿಡಿದು ಹಿಂಡುತ್ತದೆ.

ಅದು ಕೆಲಸ ಮಾಡಿತು. ತೂರಾಡುತ್ತ ರಾಂಗಿಗೆ ಗಾಡಿ ತಿರುಗಿಸಿದವರು ಎರಡನೆಯ ಕಂಬ ದಾಟುವುದರೊಳಗೆ ಬ್ರೇಕ್ ಹಾಕಿ, ಇಳಿದು, ದಾರಿಯಂಚಿನಲ್ಲಿ ಕೂತು ಅಳುತ್ತಿದ್ದರು. ಆಮೇಲೆ ಗಾಡಿಯನ್ನು ಸರಿ ದಿಕ್ಕಿಗೆ ತಿರುಗಿಸುತ್ತಿದ್ದರು. ಬೇವಿನ ಮರಕ್ಕೆ ಹೊಸ ಚಪ್ಪಲಿ ಬರುವುದು ನಿಂತಿತು. ಕಸ್ತೂರಿ ಆ ದಿನಗಳಲ್ಲಿ ನಿದ್ದೆ ಮಾಡುತ್ತಿದ್ದಳು.

ಆದರೆ ಹಿರೇಗುಂಡಿಯ ಜನ ಸುಮ್ಮನಿರುವವರಲ್ಲ. ಕಂಬ ಗಾಡಿಗಳನ್ನು ಮಾತ್ರ ಹಿಡಿಯುತ್ತದೆ, ನಡೆಯುವವರನ್ನು ಬಿಡುತ್ತದೆ ಎಂಬುದನ್ನು ವಾರದೊಳಗೆ ಕಂಡುಹಿಡಿದರು. ಎಂಜಿನ್ ಆರಿಸಿ ಬೈಕನ್ನು ತಳ್ಳಿಕೊಂಡು ಹೋದರೆ ಕಂಬಕ್ಕೆ ಅದು ಮನುಷ್ಯನಂತೆಯೇ ಕಾಣುತ್ತಿತ್ತು. ಕಂಬದವರೆಗೆ ತಳ್ಳುವುದು, ಅದರ ಹಿಂದೆ ಕಿಕ್ ಹೊಡೆಯುವುದು, ಮುಂದಿನ ಕಂಬ ಬಂದಾಗ ಮತ್ತೆ ಇಳಿಯುವುದು. ಹಾಗೆ ತಳ್ಳುತ್ತ ಏರುತ್ತ ಬಂದ ಒಬ್ಬ ಕುಡುಕ ಲಾರಿಯ ಕೆಳಗೆ ಹೋದ. ಅದಾದ ಮೇಲೆ ಮೇಲಿನವರು ಕಂಬಗಳ ಬುದ್ಧಿಯನ್ನು ತಿದ್ದಿದರು. ಈಗ ಅವು ಯಾರು, ಯಾವುದು ಎಂದು ಕೇಳುವುದಿಲ್ಲ. ಯಾವ ಕಡೆ ಎಂದಷ್ಟೇ ಕೇಳುತ್ತವೆ.

ಆವತ್ತಿನಿಂದ ಕ್ರಾಸಿನ ಬದುಕು ಬುಡಮೇಲಾಯಿತು. ಮಿಡಿತಕ್ಕೆ ಗೋಡೆ ಅಡ್ಡವಲ್ಲ. ರಸ್ತೆಗೆ ಹೊಂದಿದ ಮನೆಗಳಲ್ಲಿ ಹೆಂಗಸರು ಗಾಡಿಗಳ ದಿಕ್ಕಿಗಿದ್ದ ಅಡುಗೆಮನೆಗೆ ಹೋಗುವಾಗ ಹಗುರ, ತಾಟು ಹಿಡಿದು ಈಚೆ ಬರುವಾಗ ಎದೆ ಒಡೆಯುವಷ್ಟು ಭಾರ. ಪಕ್ಕದ ಮನೆಯ ತೊಟ್ಟಿಲಲ್ಲಿ ಕೂಸು ಒಂದು ತೂಗಿಗೆ ಸುಮ್ಮನಾಗಿ, ಮರುತೂಗಿಗೆ ಕಿಟಾರನೆ ಚೀರುತ್ತಿತ್ತು. ಯಾಕೆಂದು ತಿಳಿದು ತೊಟ್ಟಿಲನ್ನು ಅಡ್ಡಡ್ಡ ಕಟ್ಟುವಷ್ಟರಲ್ಲಿ ಅದಕ್ಕೆ ಜ್ವರ ಬಂದಿತ್ತು. ನಿಂತವರಿಗೆ, ಕೂತವರಿಗೆ, ಮಲಗಿದವರಿಗೆ ಎಂದೂ ಬಿಡದ ಅರ್ಧ. ಬಸ್ಸುಗಳು ನಿಲ್ಲುವುದನ್ನು ಬಿಟ್ಟವು, ಯಾಕೆಂದರೆ ನಿಂತ ಡ್ರೈವರನ ಕೈ ನಡುಗುತ್ತಿತ್ತು. ಗಿರಮಿಟ್ ತಿನ್ನಲು ಯಾರೂ ಕೂರಲಿಲ್ಲ. ಗಾಡಿಗಳ ಜೊತೆ ಸಾಗಿದಾಗ ಮಾತ್ರ ಎದೆ ಹಗುರವಾಗುತ್ತಿತ್ತು. ಹಾಗಾಗಿ ಬೆಳಗು ಸಂಜೆ ಕ್ರಾಸಿನ ಜನ ಹುಬ್ಬಳ್ಳಿ ದಿಕ್ಕಿಗೆ ಸಾಲಾಗಿ, ಮಾತಿಲ್ಲದೆ, ನಡೆಯುತ್ತ ಹೋಗುವುದನ್ನು ಲಾರಿಯವರು ನೋಡುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಎಲ್ಲಿಗೂ ಇಲ್ಲ. ಕಷ್ಟವಿದ್ದದ್ದು ವಾಪಸ್ ಬರುವುದರಲ್ಲಿ.

ಐಶ್ವರ್ಯಾ ಎಲ್ಲರಿಗಿಂತ ದೂರ ಹೋಗುತ್ತಿದ್ದಳು.

*

ಮರುದಿನ ಕಸ್ತೂರಿ ಟೋಲ್ ಗೇಟಿನ ಮೇಲಂತಸ್ತಿನ ನಿಯಂತ್ರಣ ಕೋಣೆಗೆ ಹೋದಳು. ಒಂದಿಡೀ ಗೋಡೆಯ ಮೇಲೆ ಹೆದ್ದಾರಿ ಹಸಿರು ಗೆರೆಯಾಗಿ ಹರಿಯುತ್ತಿತ್ತು. ಕಂಬಗಳ ಉಸ್ತುವಾರಿಯ ಎಂಜಿನಿಯರ್ ಉಡುಪ ಎದ್ದು ನಿಂತು ಕುರ್ಚಿ ಕೊಟ್ಟ. ಕಣ್ಣಿನ ಕೆಳಗೆ ಕಪ್ಪು ಕಟ್ಟಿದ, ಇನ್ನೂ ಮೂವತ್ತು ದಾಟದ ಹುಡುಗ. ಊರಿನವರನ್ನೆಲ್ಲ ಬಹುವಚನದಲ್ಲೇ ಮಾತಾಡಿಸುತ್ತಿದ್ದ.

ಗೆರೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಹುಟ್ಟಿ, ಒಂದು ಗಳಿಗೆ ಹಿಂದಕ್ಕೆ ಸರಿದು, ನಿಂತು, ಹಸಿರಾಗಿ ತಿರುಗುತ್ತಿತ್ತು. ಒಂದೊಂದು ಚುಕ್ಕೆಯೂ ಉಳಿದ ಒಂದು ಜೀವ ಎಂದು ಅವನು ವಿವರಿಸಿದ. ಸತ್ತವರ ಲೆಕ್ಕದ ಜಾಗದಲ್ಲಿ ಸೊನ್ನೆ ಇತ್ತು. ಅದನ್ನು ತೋರಿಸುವಾಗ ಅವನ ದನಿ ಮೆತ್ತಗಾಯಿತು.

ಕ್ರಾಸಿನ ಹತ್ತಿರ ಹಸಿರೂ ಅಲ್ಲದ ಕೆಂಪೂ ಅಲ್ಲದ ಹಳದಿ ಚುಕ್ಕೆಗಳು ಗುಂಪಾಗಿ ಕೂತಿದ್ದವು. ಅವು ಏನು ಎಂದು ಅವಳು ಕೇಳಲಿಲ್ಲ. ಅದರಲ್ಲೊಂದು ತನ್ನ ಮಗಳು.

“ನಿಂತಾವ್ರನ್ನ ಯಾಕ ಹಿಡೀತೈತ್ರಿ ಅದು?”

ಉಡುಪ ಕನ್ನಡಕ ತೆಗೆದು ಒರೆಸಿದ. “ನಿಂತವನು ಇನ್ನೂ ತೀರ್ಮಾನ ಮಾಡಿಲ್ಲಮ್ಮ. ಕುಡಿದವನು ಗಾಡಿ ತಿರುಗಿಸುವ ಮೊದಲು ಒಂದು ಗಳಿಗೆ ನಿಂತೇ ನಿಲ್ಲುತ್ತಾನೆ. ಅವನನ್ನು ಅಲ್ಲೇ ಹಿಡಿಯಬೇಕು. ಹೊರಟ ಮೇಲೆ ತಡ ಆಗುತ್ತೆ.”

“ನಾವೇನ ಕುಡದೀವಿ?”

“ಕಂಬಕ್ಕೆ ಅದು ಗೊತ್ತಾಗೋದಿಲ್ಲ.”

ಮೊದಲು ಮನುಷ್ಯರನ್ನು ಬಿಡುತ್ತಿತ್ತಲ್ಲ ಎಂದು ಅವಳು ನೆನಪಿಸಿದಳು. ಬಿಡುತ್ತಿತ್ತು, ಬೈಕು ತಳ್ಳಿಕೊಂಡು ಹೋಗಿ ಅದನ್ನು ತಪ್ಪಿಸಿದವರು ನಿಮ್ಮವರೇ ಎಂದು ಅವನು ನೆನಪಿಸಿದ. ಬೈದಂತೆ ಹೇಳಲಿಲ್ಲ. ನಿಂತವರಿಗೆ ಕಡಿಮೆ ಮಾಡಿ ನೋಡಿದ್ದೆ, ಆ ವಾರವೇ ಮೂವರು ತಿರುಗಿಸಿಕೊಂಡು ಹೊರಟರು ಎಂದ. ಕೆಳದಾರಿಯ ಅರ್ಜಿ ಏನಾಯಿತೆಂದು ಕೇಳಿದ್ದಕ್ಕೆ, ಸೊನ್ನೆ ಇರುವ ಜಾಗಕ್ಕೆ ಯಾರೂ ಕೆಳದಾರಿ ಕೊಡುವುದಿಲ್ಲ ಎಂದ. ಆಮೇಲೆ ಪರದೆಯನ್ನು ನೋಡುತ್ತಲೇ ಕೇಳಿದ:

“ಸಾಯೋದಕ್ಕಿಂತ ಹೆದರೋದು ವಾಸಿ ಅಲ್ವಾ ಅಮ್ಮ?”

ಅದು ಅವಳದೇ ಮಾತು. ಊರೂರು ತಿರುಗಿ, ಶಾಲೆಗಳಲ್ಲಿ, ಸಂತೆಗಳಲ್ಲಿ ಮೈಕ್ ಹಿಡಿದು ಹೇಳಿದ ಮಾತು. ಟೋಲ್ ಗೇಟಿನ ಕೆಳಗೂ ಕಂಬಗಳಿದ್ದವು. ಅವಳ ಎದೆಯನ್ನು ಅರ್ಧ ಹಿಡಿದೇ ಇದ್ದವು. ಉಡುಪನ ಕೈ ಮಾತ್ರ ನಡುಗುತ್ತಿರಲಿಲ್ಲ. ಆಗ ಅವನ ಅಂಗಿಯ ಒಳಗೆ, ಪಕ್ಕೆಲುಬಿನ ಸುತ್ತ, ಅಗಲವಾದದ್ದೇನೋ ಉಬ್ಬಿರುವುದು ಕಂಡಿತು.

ಬೆಲ್ಟು ಎಂದ. ಮಿಡಿತಕ್ಕೆ ಎದುರು ಮಿಡಿತ ಕೊಟ್ಟು ಎದೆಗೆ ತಾಗದಂತೆ ಅಳಿಸಿಹಾಕುತ್ತದೆ. ಕಂಬಗಳನ್ನು ರಿಪೇರಿ ಮಾಡುವವರಿಗೆ, ಇಲ್ಲಿ ಕೂತವರಿಗೆ ಮಾತ್ರ ಕೊಟ್ಟಿದ್ದಾರೆ. ಒಂದು ಸಲ ಬಿಚ್ಚಿ ನಮ್ಮ ಮನೆಯಲ್ಲಿ ಬಂದು ಕೂಡ್ರಿ ಎಂದಳು ಕಸ್ತೂರಿ. ಅವನು ನಕ್ಕ. ಡ್ಯೂಟಿಯಲ್ಲಿ ಬಿಚ್ಚುವ ಹಾಗಿಲ್ಲ ಎಂದ. ಹಾಗೆನ್ನುವಾಗ ಅವನ ಕೈ ತಾನಾಗಿ ಹೋಗಿ ಬೆಲ್ಟಿನ ಕೊಂಡಿಯನ್ನು ಮುಚ್ಚಿಕೊಂಡಿತು, ಅವಳೇ ಬಿಚ್ಚಿಬಿಡುತ್ತಾಳೋ ಎಂಬಂತೆ. ಅವಳು ಹೊರ ಬರುವವರೆಗೂ ಆ ಕೈ ಅಲ್ಲಿಯೇ ಇತ್ತು.

*

ದಾರದ ಉಂಡೆಗಾಗಿ ಹೊಲಿಗೆ ಯಂತ್ರದ ಡ್ರಾಯರ್ ಎಳೆದಾಗ ಕಸ್ತೂರಿಯ ಕೈಗೆ ಒದ್ದೆಯಾದದ್ದೇನೋ ತಾಗಿತು. ಬಾಬಿನ್ನುಗಳ ನಡುವೆ ಬ್ರಾಂಡಿಯ ಪಾಕೀಟು, ಮೂಲೆ ಕತ್ತರಿಸಿದ್ದು.

ಕ್ರಾಸಿನಲ್ಲಿ ಜನ ಕುಡಿಯಲು ಶುರು ಮಾಡಿದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪೂರ್ತಿ ಹಿಂಡುವಾಗ ಹೆಂಡ ತಡೆಯುವುದಿಲ್ಲ, ಅರ್ಧವನ್ನು ತಡೆಯುತ್ತದೆ ಎಂದು ಯಾರೋ ಕಂಡುಕೊಂಡಿದ್ದರು. ಅವಳು ಮುಚ್ಚಿಸಿದ ಅಂಗಡಿ ಹಿಟ್ಟಿನ ಗಿರಣಿಯ ಹಿಂದೆ ಹೆಸರಿಲ್ಲದೆ ತೆರೆದಿತ್ತು. ಎಂದೂ ಮುಟ್ಟದ ದಾವಲಸಾಬನೂ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅತ್ತ ಹೋಗಿ ಬರುತ್ತಿದ್ದ. ಅವಳ ಜೊತೆ ಮಾತಾಡುವಾಗ ಟವೆಲನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಕಂಡರೂ ಕಾಣದಂತೆ ಇದ್ದಳು. ಆದರೆ ಇದು ಅವಳ ಮನೆಯ ಡ್ರಾಯರು.

ಐಶ್ವರ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಸ್ತೂರಿ ಹತ್ತಿರ ಹೋಗಿ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಮುಖಕ್ಕೆ ತಂದುಕೊಂಡಳು. ವಾಸನೆ ಬಂತು. ಮಲ್ಲೇಶಪ್ಪನ ಅಂಗಿಗಳನ್ನು ಎಷ್ಟು ತೊಳೆದರೂ ಹೋಗದ ವಾಸನೆ.

“ಬೈಬ್ಯಾಡ ಬೇ,” ಎಂದಳು ಮಗಳು. ನಾಲಿಗೆ ತೊದಲಲಿಲ್ಲ, ಮಾತು ನಿಧಾನವಾಗಿತ್ತು. “ಕುಡದ್ರ ಕಂಬದ್ದು ಹೋಗತೈತಿ. ಉಳದದ್ದು ನಂದು. ಅದು ಮೊದಲಿನಿಂದ ಐತಿ.”

ಕಸ್ತೂರಿ ಎತ್ತಿದ ಕೈಯನ್ನು ಇಳಿಸಿದಳು. ಹೊಡೆದರೆ ಏನು ಹೇಳಿ ಹೊಡೆಯಬೇಕೆಂದು ತಿಳಿಯಲಿಲ್ಲ.

ಆ ದಿನವೇ ಮನೆಮನೆಗೆ ಹೋದಳು. ಕಂಬ ತೆಗೆಸೋಣ, ಕೆಳದಾರಿ ಕೊಡುವವರೆಗೆ ಟೋಲ್ ಗೇಟಿನಲ್ಲಿ ಕೂರೋಣ ಎಂದಳು. ಕೆಲವರು ಹೂಂ ಎಂದರು. ಲಾರಿಯ ಕೆಳಗೆ ಹೋದವನ ತಾಯಿ ಬಾಗಿಲನ್ನೇ ತೆರೆಯಲಿಲ್ಲ. ಕಂಬ ತೆಗೆಸಿದರೆ ಉಳಿದ ಒಬ್ಬ ಮಗನನ್ನೂ ನೀನೇ ಹೊತ್ತುಕೊಂಡು ಹೋಗು ಎಂದು ಒಳಗಿನಿಂದಲೇ ಹೇಳಿದಳು. ಎಲ್ಲರೂ ಮಾತಾಡುತ್ತಿದ್ದದ್ದು ಅಂಜಿಕೆಯಿಂದಲೇ. ಯಾವ ಅಂಜಿಕೆ ಕಂಬದ್ದು, ಯಾವುದು ಸ್ವಂತದ್ದು ಎಂದು ಬಿಡಿಸಿ ನೋಡುವ ಹಾಗಿರಲಿಲ್ಲ.

*

ಸಂಜೆ ಅಂಗಡಿಯ ಮುಂದೆ ಮಂಡಕ್ಕಿ ಚೀಲ ಬಿಚ್ಚುತ್ತಿದ್ದಾಗ ಮಗಳು ಹೊರಟದ್ದನ್ನು ನೋಡಿದಳು. ಗಾಡಿಗಳ ಜೊತೆ, ಅಂಚಿನ ಬಿಳಿ ಗೆರೆಯ ಮೇಲೆ, ಕೈಗಳನ್ನು ಸಡಿಲವಾಗಿ ಬೀಸಿಕೊಂಡು. ತಡೆಯಲಿಲ್ಲ. ಆ ನಡಿಗೆಯಲ್ಲಿ ಮಾತ್ರ ಹುಡುಗಿಯ ಹೆಗಲು ಇಳಿದು ಸಹಜವಾಗುತ್ತಿತ್ತು. ಬೇಗ ಬಾ ಎನ್ನುವುದೂ ಅರ್ಥವಿಲ್ಲದ ಮಾತು.

ಐಶ್ವರ್ಯಾ ಸಾಕಷ್ಟು ದೂರ ಹೋಗಿದ್ದಳು. ಅವಳ ಆಚೆಗೆ ಬಿಳಿ ಜೀಪೊಂದು ಕಂಡಿತು. ಅದರ ಮುಖ ಇತ್ತ ಕಡೆ ಇತ್ತು.

ಕಸ್ತೂರಿಗೆ ಮೊದಲು ಅರ್ಥವಾಗಲಿಲ್ಲ. ತಿಂಗಳುಗಳಿಂದ ಈ ಬದಿಯಲ್ಲಿ ಹುಬ್ಬಳ್ಳಿ ಕಡೆಯಿಂದ ಬರುವ ಒಂದು ಗಾಡಿಯ ಮುಖವನ್ನೂ ಅವಳು ಕಂಡಿರಲಿಲ್ಲ, ಬೆನ್ನುಗಳನ್ನಷ್ಟೇ ಕಂಡಿದ್ದಳು. ಜೀಪು ಅಂಚು ಹಿಡಿದು, ದೀಪ ಹಚ್ಚಿಕೊಂಡು, ಹಳೆಯ ರಿವಾಜಿನಂತೆಯೇ ಬರುತ್ತಿತ್ತು. ಒಂದು ಕಂಬ ದಾಟಿತು. ಇನ್ನೊಂದು ದಾಟಿತು. ನಡುಗಲಿಲ್ಲ, ನಿಲ್ಲಲಿಲ್ಲ. ಸ್ವಲ್ಪ ಓಲಾಡಿತು, ಮತ್ತೆ ಅಂಚಿಗೆ ಬಂತು. ಕಂಬಗಳನ್ನು ನೋಡಿಕೊಳ್ಳುವ ತಂಡದ ಜೀಪು ಅದು. ಅದರ ಬಾಗಿಲ ಮೇಲೆ ಕಂಬದ ಚಿತ್ರವಿತ್ತು.

ಅವಳು ಮಂಡಕ್ಕಿ ಚೀಲ ಬಿಟ್ಟು ಓಡಿದಳು, ಮಗಳ ಹೆಸರು ಕೂಗುತ್ತ.

ಓಡಿದಂತೆ ಅಂಜಿಕೆ ಹೋಯಿತು.

ಅದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ. ಗಾಡಿಗಳು ಹೋಗುವ ದಿಕ್ಕಿಗೇ ಅವಳು ಓಡುತ್ತಿದ್ದಳು. ಕಂಬಗಳು ಒಂದೊಂದಾಗಿ ಅವಳನ್ನು ಬಿಟ್ಟುಕೊಟ್ಟವು. ತಿಂಗಳುಗಟ್ಟಲೆ ಹಿಡಿದಿದ್ದ ಮುಷ್ಟಿ ಸಡಿಲಿತು, ಉಸಿರು ಹೊಟ್ಟೆಯ ತನಕ ಇಳಿಯಿತು, ಎಳೆ ಬಿಸಿಲಿನಂಥ ಒಂದು ಹಿತ ಮೈತುಂಬ ಹರಡಿತು. ಆ ಹಗುರದಲ್ಲಿ ಬೇರೆ ಯಾವ ಅಂಜಿಕೆಗೂ ಜಾಗವಿರಲಿಲ್ಲ. ಕಾಲು ಓಡುತ್ತಿತ್ತು, ಬಾಯಿ ಕೂಗುತ್ತಿತ್ತು, ಎದೆ ಮಾತ್ರ ಏನೂ ಆಗಿಲ್ಲ, ಏನೂ ಆಗುವುದಿಲ್ಲ ಎನ್ನುತ್ತಿತ್ತು. ಮುಂದೆ ಐಶ್ವರ್ಯಾ ಕೂಡ ಅದೇ ಹಿತದಲ್ಲಿ ನಡೆಯುತ್ತಿದ್ದಳು. ಜೀಪನ್ನು ನೋಡಿದಳು. ದೂರದಿಂದ ಬರುವ ಪರಿಚಿತರನ್ನು ನೋಡುವಂತೆ ತಲೆ ಓರೆ ಮಾಡಿ ನೋಡಿದಳು. ಕೊನೆಯ ಗಳಿಗೆಯಲ್ಲಷ್ಟೇ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಳು.

ಜೀಪಿನ ಮೂಲೆ ಅವಳನ್ನು ಎತ್ತಿ ದಾರಿಯ ಪಕ್ಕದ ಇಳಿಜಾರಿಗೆ ಎಸೆಯಿತು.

ಕಸ್ತೂರಿ ಅವಳ ಪಕ್ಕದಲ್ಲಿ ಕುಸಿದು ಕೂತಾಗ, ನಿಂತವರ ಪಾಲಿನ ಅರ್ಧ ಮರಳಿ ಬಂತು. ಆಗ ಅವಳು ಚೀರಿದಳು.

*

ಕಾಲು ಎರಡು ಕಡೆ ಮುರಿದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ, ನೋವಿನಲ್ಲೂ ಐಶ್ವರ್ಯಾ ನಿದ್ದೆ ಮಾಡಿದಳು, ಅಲ್ಲಿ ಕಂಬಗಳಿರಲಿಲ್ಲ. ಆಮೇಲೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಹಾಸಿಗೆಯಿಂದ ಅಲುಗಾಡಿಸಬೇಡಿ ಎಂದು ಮನೆಗೆ ಕಳಿಸಿದರು. ಮನೆಯೆಂದರೆ ರಸ್ತೆಯಂಚಿನ ಆ ಎರಡು ಕೋಣೆ. ಈಗ ಅವಳು ನಡೆಯುವ ಹಾಗಿಲ್ಲ. ನಿಂತವರಿಗಿಂತ ನಿಂತವಳು.

ಹಗಲೆಲ್ಲ ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಿಟಕಿಯಾಚೆಯ ಕಂಬವನ್ನೇ ನೋಡುತ್ತಿದ್ದಳು. ಪರದೆ ಎಳೆದರೆ ಬೇಡವೆನ್ನುತ್ತಿದ್ದಳು, ಕಾಣದಿದ್ದರೆ ಅದು ಒಳಗೆ ಬರುತ್ತದಂತೆ. ದಾವಲಸಾಬ ಅವಳ ಒಂಟಿ ಚಪ್ಪಲಿಯನ್ನು ಇಳಿಜಾರಿನಿಂದ ಹುಡುಕಿ ತಂದಿದ್ದ. ಬೇವಿನ ಮರಕ್ಕೆ ಕಟ್ಟಲಿಲ್ಲ. ಒರೆಸಿ, ಮಂಚದ ಕೆಳಗೆ ಇಟ್ಟ.

ಒಂದು ಮಧ್ಯಾಹ್ನ ಕಸ್ತೂರಿ ಗಿರಣಿಯ ಹಿಂದೆ ಹೋಗಿ ಒಂದು ಪಾಕೀಟು ತಂದಳು. ಅಂಗಡಿಯವನು ಅವಳನ್ನು ನೋಡಿ ಏನನ್ನೂ ಹೇಳದೆ ಕೊಟ್ಟ. ಸ್ಟೀಲಿನ ಲೋಟಕ್ಕೆ ಸುರಿದು ನೀರು ಬೆರೆಸಿದಳು. ಕೈ ನಡುಗಿ ಸ್ವಲ್ಪ ಚೆಲ್ಲಿತು. ಲೋಟ ಹಿಡಿದು ಮಗಳ ಕೋಣೆಯ ಬಾಗಿಲ ತನಕ ಬಂದಾಗ ಹೊರಗೆ ಗಾಡಿ ನಿಂತ ಸದ್ದಾಯಿತು. ಲೋಟಕ್ಕೆ ತಾಟು ಮುಚ್ಚಿ ಗೋಡೆಯ ಗೂಡಿನಲ್ಲಿ ಇಟ್ಟಳು.

ಉಡುಪ ಬಂದಿದ್ದ. ಹಿಂದೆ ದಾವಲಸಾಬ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು ಇಳಿಸಿದ. ಉಡುಪ ಮಂಚದ ಕಡೆ ನೋಡದೆ, ನೆಲ ನೋಡಿಕೊಂಡೇ ಮಾತಾಡಿದ. ಜೀಪಿನವನು ಪೊಲೀಸರ ವಶದಲ್ಲಿದ್ದಾನೆ. ಕಂಬ ರಿಪೇರಿ ಮುಗಿಸಿ ಅಲ್ಲೇ ಕುಡಿದಿದ್ದಾನೆ. ಸೇತುವೆಗೆ ಹೋಗಿ ಸುತ್ತಿ ಬರಲು ಬೇಸರಪಟ್ಟು ಢಾಬಾಕ್ಕೆ ಹೀಗೇ ಹೊರಟಿದ್ದಾನೆ. ಬೆಲ್ಟು ಇದ್ದದ್ದರಿಂದ ಕಂಬಗಳು ಅವನಿಗೆ ತಾಗಲೇ ಇಲ್ಲ. ಮೇಲಿನವರು ಒಪ್ಪಿದ್ದಾರೆ, ಇನ್ನು ಕ್ರಾಸಿನ ಪ್ರತಿಯೊಬ್ಬರಿಗೂ ಬೆಲ್ಟು. ಮೊದಲನೆಯದು ಐಶ್ವರ್ಯಾಗೆ.

“ಹೊಸ ಬೆಲ್ಟು ಬೇರೆ ಥರ ಇದೆ. ಗಾಡಿ ಹತ್ತಿದರೆ ತಾನೇ ಆಫ್ ಆಗುತ್ತೆ.”

“ನಮ್ಮ ಮಂದಿ ಅದಕ್ಕೂ ಒಂದು ಉಪಾಯ ತಗೀತಾರ ಬಿಡ್ರಿ ಸಾಹೇಬ್ರ,” ಎಂದ ದಾವಲಸಾಬ. ಟವೆಲನ್ನು ಬಾಯಿಂದ ತೆಗೆದೇ ಹೇಳಿದ.

ಕೆಳದಾರಿ? ಕಸ್ತೂರಿ ಕೇಳಿದಳು. ಬೆಲ್ಟು ಕೊಟ್ಟ ಮೇಲೆ ಅದರ ಮಾತು ಮುಗಿದಂತೆ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಬೆಲ್ಟು ತೆಗೆದುಕೊಂಡವರೆಲ್ಲ ಕಂಬಗಳಿಗೆ ಒಪ್ಪಿದಂತೆ.

ಅವಳಿಗೆ ಅದು ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಇನ್ನೊಂದು ದಿನ ಆಗಿದ್ದರೆ ಆ ಪೆಟ್ಟಿಗೆಯನ್ನು ಎತ್ತಿ ರಸ್ತೆಗೆ ಎಸೆಯುತ್ತಿದ್ದಳು. ಈಗ ಮಂಚದ ಮೇಲೆ ಮಗಳ ಹಲ್ಲು ಚಾದರವನ್ನು ಕಡಿಯುವ ಸದ್ದು ಕೇಳುತ್ತಿತ್ತು. ಅವಳು ಬಾಗಿ ಪೆಟ್ಟಿಗೆಯಿಂದ ಒಂದು ಬೆಲ್ಟು ತೆಗೆದಳು. ಬೆಚ್ಚಗಿತ್ತು, ಜೀವವಿದ್ದಂತೆ. ಅಂಗೈಯಲ್ಲಿ ಹಿಡಿದಷ್ಟಕ್ಕೇ ಬೆರಳುಗಳ ನಡುಕ ನಿಂತಿತು. ಅವಳ ಕಣ್ಣಲ್ಲಿ ನೀರು ಬಂತು.

“ಏಳವ್ವ ಐಶೂ,” ಎಂದು ಮಂಚದ ಅಂಚಿಗೆ ಕೂತು, ಮಗಳ ಬೆನ್ನಿನಡಿ ಕೈ ಹಾಕಿ, ಪಕ್ಕೆಲುಬಿನ ಸುತ್ತ ಬೆಲ್ಟು ತಂದಳು. ಕೊಂಡಿ ಸೇರಿಸುವಷ್ಟರಲ್ಲಿ ಐಶ್ವರ್ಯಾ ಅವಳ ಮುಂಗೈ ಹಿಡಿದಳು. ಆ ದಿನ ಹೆದ್ದಾರಿಯಲ್ಲಿ ತಾಯಿ ಮಗಳ ಕೈ ಹಿಡಿದಿದ್ದಳಲ್ಲ, ಅಷ್ಟೇ ಬಿಗಿಯಾಗಿ.

“ಅಂವ ನನ್ನ ನೋಡಿದಾ ಬೇ,” ಎಂದಳು. “ಕಣ್ಣಾಗ ಕಣ್ಣಿಟ್ಟು ನೋಡಿದ. ಅಂಜಿದ್ರ ಬ್ರೇಕ್ ಹಾಕತಿದ್ದ.”

ಕಸ್ತೂರಿ ಕೊಂಡಿಯನ್ನು ಬಿಟ್ಟಳು.

“ಅಪ್ಪನೂ ಹಂಗಽ ಇದ್ದ. ಎದುರಿನ ಲೈಟ್ ನೋಡಿ ನಾ ಅಪ್ಪಾ ಅಂದೆ. ತಿರುಗಿ ನೋಡಿದ್ರ ನಗಾಕತ್ತಿದ್ದ. ಏನೂ ಆಗಂಗಿಲ್ಲವ್ವ ಅಂದ.”

ಹೊರಗೆ ಲಾರಿಗಳು ಒಂದರ ಹಿಂದೊಂದು ಹಾಯ್ದವು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಇಷ್ಟು ವರ್ಷ ಮಗಳು ಆ ಸಂಜೆಯ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ದಾವಲಸಾಬ ಗೋಡೆಯ ಕಡೆ ಮುಖ ತಿರುಗಿಸಿದ.

ಉಡುಪ ಒಂದು ಹೆಜ್ಜೆ ಮುಂದೆ ಬಂದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. “ಕಾಲು ಕೂಡುವ ತನಕ ಸಾಕಮ್ಮ. ಈಗ ಒಂದೇ ಒಂದು ನಿಮಿಷ ಹಾಕಿ ನೋಡಿ. ಹೇಗಿರುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಆಮೇಲೆ ಬೇಡ ಅಂದರೆ ಬಿಚ್ಚಿಬಿಡಿ.”

ಐಶ್ವರ್ಯಾಳ ಹಣೆಯಿಂದ ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ಅವಳು ಬೆಲ್ಟನ್ನು ಮೈಮೇಲಿಂದ ಎಳೆದು ತಾಯಿಯ ಮಡಿಲಿಗೆ ಹಾಕಿ, ಕಿಟಕಿಯಾಚೆಯ ಕಂಬದತ್ತ ತಿರುಗಿದಳು.

“ಒಲ್ಲೆ,” ಎಂದಳು.